ಅಚ್ಚು ದಪ್ಪವಾದುದು ಗಾಲಿಗೆ ತಿಳಿಯುವುದೆಂತು?

ಹೊಸ ಮನೆಗೆ ಬಾಗಿಲು ಕೂಡಿಸುವ ಬಡಗಿಯ ಕೆಲಸವನ್ನು ವಾಚಕರು ಎಂದಾದರೂ ನೋಡಿರಬಹುದು. ಬಾಗಿಲುವಾಡದ ಅಳತೆಯನ್ನು ಆತನು ಮೊದಲೇ ತೆಗೆದುಕೊಂಡಿರುತ್ತಾನೆ. ಆ ಅಳತೆಗೆ ಸರಿಯಾಗಿಯೇ ಕದವನ್ನು ಮಾಡಿರುತ್ತಾನೆ. ಆದರೂ ಕಡೆಯಲ್ಲಿ ಕದವನ್ನು ಬಾಗಿಲುವಾಡಕ್ಕೆ ಆನಿಸಿ ನಿಲ್ಲಿಸುತ್ತಾನೆ. ಎಲ್ಲಿ ಅದು ತಗುಲುವುದೋ ಅಲ್ಲಿ ಸೀಸದಕಡ್ಡಿಯಿಂದ ಗೆರೆ ಎಳೆಯುತ್ತಾನೆ. ಕೀಲುಗಳನ್ನು ಅವು ಇರಬೇಕಾದ ಸ್ಥಳದಲ್ಲಿಯೇ ಹಿಡಿದು ಅವುಗಳ ರಂಧ್ರಗಳ ಗುರುತನ್ನು ಮರದ ಮೇಲೆ ಮೂಡಿಸುತ್ತಾನೆ. ಅನಂತರ ಕದವನ್ನು ಇಳಿಸಿ, ಕೀಸುಳಿಯಿಂದ ಕೀಸಿ, ಮತ್ತೆ ನಿಲ್ಲಿಸಿ ನೋಡುತ್ತಾನೆ. ಅಳತೆಯ ಪಟ್ಟಿ ಕೈಯಲ್ಲಿಯೇ ಇರುವಾಗ ಇಷ್ಟು ಶ್ರಮವೇಕೆ? ಒಂದು ವಸ್ತುವು ಮತ್ತೊಂದರೊಡನೆ ಕೂಡಬೇಕಾದಾಗ ಅದರ ಸರಿಯಾದ ಅಳತೆಯನ್ನು ಹೇಳತಕ್ಕುದು ಅದರ ನೆರೆಯ ವಸ್ತು. ಬಡಗಿಯು ಆ ನೆರೆಯನ್ನೇ ನೇರವಾಗಿ ಕೇಳುತ್ತಿದ್ದಾನೆ, ಅಷ್ಟೆ.

ಇಂದು ಯಂತ್ರಗಳನ್ನು ರೂಪಿಸುವ ಎಂಜಿನಿಯರರು ಲೋಹವನ್ನು ಮುಟ್ಟುವ ಮೊದಲು ಯಂತ್ರದ ಪ್ರತಿಯೊಂದು ಭಾಗವನ್ನೂ ಕಂಪ್ಯೂಟರಿನ ತೆರೆಯ ಮೇಲೆ ಮೂರು ಆಯಾಮಗಳಲ್ಲಿ ರಚಿಸಿಕೊಳ್ಳುತ್ತಾರೆ. ಈ ವಿದ್ಯೆಗೆ ಕಂಪ್ಯೂಟರ್ ನೆರವಿನ ವಿನ್ಯಾಸವೆಂದೂ ಚಿಕ್ಕದಾಗಿ ಕ್ಯಾಡ್ ಎಂದೂ ಹೆಸರು. ಬಡಗಿಯ ಆ ಹಳೆಯ ಉಪಾಯವು ಈ ಹೊಸ ವಿದ್ಯೆಯಲ್ಲಿಯೂ ಉಂಟು. ಜೋಡಿಸಿಟ್ಟ ಯಂತ್ರವನ್ನು ಬಿಚ್ಚದೆ, ಅದರೊಳಗೆ ಕುಳಿತಿರುವ ಒಂದು ಭಾಗವನ್ನು ಕುಳಿತಲ್ಲಿಯೇ, ನೆರೆಯ ಭಾಗಗಳನ್ನು ನೋಡಿಕೊಂಡು ತಿದ್ದಬಹುದು. ಆದರೆ ಬಡಗಿಯ ಗೆರೆಗೂ ಕಂಪ್ಯೂಟರಿನ ಗೆರೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಆ ವ್ಯತ್ಯಾಸವೇನು, ಅದರಿಂದ ಬರುವ ಲಾಭವೇನು, ಎಚ್ಚರ ತಪ್ಪಿದರೆ ಒದಗುವ ಹಾನಿಯೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ರಾಟೆಯ ದೃಷ್ಟಾಂತ

ಬಾವಿಯಿಂದ ನೀರು ಸೇದುವ ರಾಟೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಮುಖ್ಯವಾದ ಭಾಗಗಳು ಮೂರು. ಮೊದಲನೆಯದು ಹಗ್ಗ ಹಾಯುವ ತೋಡುಳ್ಳ ಗಾಲಿ. ಎರಡನೆಯದು ಗಾಲಿಯ ನಡುವಿನ ರಂಧ್ರದಲ್ಲಿ ಹಾಯ್ದಿರುವ ಕಬ್ಬಿಣದ ಅಚ್ಚು. ಮೂರನೆಯದು ಅಚ್ಚಿನ ಎರಡು ತುದಿಗಳನ್ನೂ ಹಿಡಿದುಕೊಂಡು ಮೇಲಿನ ಕೊಕ್ಕೆಯಿಂದ ತೂಗುವ ಕವೆ. ಇದು ಬಾಗಿಸಿದ ಒಂದು ಕಬ್ಬಿಣದ ಪಟ್ಟಿ. ಇವಲ್ಲದೆ ಗಾಲಿಯ ಎರಡು ಪಕ್ಕಗಳಲ್ಲಿಯೂ ಒಂದೊಂದು ವಾಷರು, ಅಚ್ಚು ಜಾರದಂತೆ ತಡೆಯುವ ಪಿನ್ನು, ಇವೂ ಇರುತ್ತವೆ.

ಅಚ್ಚಿನ ವ್ಯಾಸ ೨೦ ಮಿ.ಮೀ. ಇರಲಿ. ಗಾಲಿಯು ಸಡಿಲವಾಗಿ ತಿರುಗಬೇಕಾದುದರಿಂದ ಅದರ ರಂಧ್ರದ ವ್ಯಾಸ ೨೦.೫ ಮಿ.ಮೀ. ಇರಲಿ, ಕವೆಯ ಎರಡು ರಂಧ್ರಗಳೂ ಅಷ್ಟೇ ಇರಲಿ. ಕವೆಯ ಪಟ್ಟಿಯ ಅಗಲ ೪೦ ಮಿ.ಮೀ. ಈಗ ಮೊದಲಿಗಿಂತ ಹೆಚ್ಚು ಭಾರವನ್ನು ಎತ್ತಬೇಕಾಗಿ ಬಂದು, ಅಚ್ಚಿನ ವ್ಯಾಸವನ್ನು ೨೫ ಮಿ.ಮೀ.ಗೆ ಏರಿಸಲು ನಿಶ್ಚಯಿಸಿದೆವೆನ್ನೋಣ. ದುಂಡು ಸರಳೊಂದು ಬಾಗುವಿಕೆಯನ್ನು ತಾಳಿಕೊಳ್ಳುವ ಬಲವು ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ, ಈ ಐದು ಮಿ.ಮೀ. ಹೆಚ್ಚಳದಿಂದ ಅಚ್ಚಿನ ಬಲವು ಬಹುಮಟ್ಟಿಗೆ ಇಮ್ಮಡಿಯಾಗುವುದು. ಲಾಭವೇನೋ ದೊಡ್ಡದೇ. ಆದರೆ ಹೊಸ ಅಚ್ಚು ಹಳೆಯ ಗಾಲಿಯ ರಂಧ್ರದಲ್ಲಿ ಹಿಡಿಸುವುದಿಲ್ಲ; ಕವೆಯ ಎರಡು ರಂಧ್ರಗಳಲ್ಲಿಯೂ ಹಿಡಿಸುವುದಿಲ್ಲ; ಎರಡು ವಾಷರುಗಳಲ್ಲಿಯೂ ಹಿಡಿಸುವುದಿಲ್ಲ. ಒಂದು ಸಂಖ್ಯೆಯನ್ನು ತಿದ್ದಿದುದಕ್ಕೆ ಇನ್ನೂ ಐದು ರಂಧ್ರಗಳನ್ನು ತಿದ್ದಬೇಕಾಯಿತು.

ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಈ ಐದನ್ನೂ ನೆನಪಿನಲ್ಲಿಟ್ಟುಕೊಳ್ಳುವ ಹೊಣೆ ನಕ್ಷೆಗಾರನದಾಗಿತ್ತು. ಒಂದು ರಂಧ್ರವನ್ನು ಮರೆತರೆ ಅದು ಕಾಗದದ ಮೇಲೆ ಎದ್ದು ಕಾಣುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಲೋಹವನ್ನೆಲ್ಲ ಕೊರೆದು ಮುಗಿಸಿದ ಮೇಲೆ, ಅಚ್ಚು ರಂಧ್ರದ ಬಾಯಲ್ಲಿ ಸಿಕ್ಕಿ ನಿಂತಾಗ ಕಾಣುತ್ತಿತ್ತು. ರಾಟೆಯಲ್ಲಿ ಇಂತಹ ಸಂಬಂಧಗಳು ಐದಾರು, ಹೊಲಿಗೆಯಂತ್ರದಲ್ಲಿ ನೂರಾರು, ವಿಮಾನದಲ್ಲಿ ಲಕ್ಷಾಂತರ. ಇಷ್ಟನ್ನು ಯಾರ ನೆನಪಿಗೆ ಒಪ್ಪಿಸುವುದು?

ಆರು ಸ್ವಾತಂತ್ರ್ಯಗಳು

ಕಂಪ್ಯೂಟರಿನಲ್ಲಿ ನಮ್ಮ ರಾಟೆಯು ಹೇಗಿರುತ್ತದೆಂಬುದನ್ನು ಮೊದಲು ತಿಳಿಯೋಣ. ಸಾಮಾನ್ಯವಾಗಿ ಪ್ರತಿಯೊಂದು ಬಿಡಿಭಾಗಕ್ಕೂ ಒಂದೊಂದು ಕಡತ. ಅದಕ್ಕೆ ತನ್ನದೇ ಆದ ಮೂಲಬಿಂದು, ತನ್ನವೇ ಆದ ಮೂರು ಅಕ್ಷಗಳು. ಜೋಡಣೆಗೆ ಬೇರೊಂದು ಕಡತ. ಯಾವ ಭಾಗವು ಎಲ್ಲಿ, ಯಾವ ಕಡೆಗೆ ಮುಖಮಾಡಿ ಕುಳಿತಿದೆಯೆಂಬ ವಿವರವು ಈ ಜೋಡಣೆಯ ಕಡತದಲ್ಲಿರುತ್ತದೆ.

ಭಾಗಗಳನ್ನು ಕುಳ್ಳಿರಿಸುವುದು ನಮ್ಮ ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಓದುವ ಒಂದು ತತ್ತ್ವದ ಮೇಲೆ ನಿಂತಿದೆ. ಯಾವ ಗಟ್ಟಿ ವಸ್ತುವಿಗಾದರೂ ಆಕಾಶದಲ್ಲಿ ಆರು ಬಗೆಯ ಚಲನ ಸ್ವಾತಂತ್ರ್ಯಗಳುಂಟು: ಮೂರು ಅಕ್ಷಗಳ ಉದ್ದಕ್ಕೆ ಸರಿಯುವ ಮೂರು, ಅವೇ ಅಕ್ಷಗಳ ಸುತ್ತ ತಿರುಗುವ ಮೂರು. ಭಾಗಗಳ ನಡುವೆ ನಾವು ವಿಧಿಸುವ ಒಂದೊಂದು ನಿರ್ಬಂಧವೂ ಇವುಗಳಲ್ಲಿ ಕೆಲವನ್ನು ಕಳೆಯುತ್ತದೆ. ಗಾಲಿಯ ರಂಧ್ರದ ಅಕ್ಷವೂ ಅಚ್ಚಿನ ಅಕ್ಷವೂ ಒಂದೇ ಆಗಿರಲಿ ಎಂದರೆ ನಾಲ್ಕು ಸ್ವಾತಂತ್ರ್ಯಗಳು ಹೋಗಿ ಎರಡು ಉಳಿಯುವುವು: ಅಚ್ಚಿನ ಉದ್ದಕ್ಕೆ ಜಾರುವುದು, ಅಚ್ಚಿನ ಸುತ್ತ ತಿರುಗುವುದು. ಇನ್ನು ಗಾಲಿಯ ಪಕ್ಕದ ಮುಖವು ವಾಷರಿನ ಮುಖವನ್ನು ತಾಗಿರಲಿ ಎನ್ನೋಣ. ಸಮತಲವನ್ನು ಸಮತಲಕ್ಕೆ ಕೂಡಿಸುವ ನಿರ್ಬಂಧವು ಮೂರು ಸ್ವಾತಂತ್ರ್ಯಗಳನ್ನು ಕಳೆಯಬಲ್ಲುದು. ನಾಲ್ಕೂ ಮೂರೂ ಏಳು, ಇದ್ದುದಾದರೋ ಆರು! ಆದರೂ ಗಾಲಿಯು ತಿರುಗುತ್ತಲೇ ಇರುತ್ತದೆ. ಇದರ ಗುಟ್ಟೇನು? ಮುಖಗಳನ್ನು ಕೂಡಿಸಿದಾಗ ಹೋಗಬೇಕಾದ ಎರಡು ವಾಲಾಟಗಳು ಅಕ್ಷಗಳನ್ನು ಕೂಡಿಸಿದಾಗಲೇ ಹೋಗಿದ್ದುವು. ಆದುದರಿಂದ ಹೊಸದಾಗಿ ಕಳೆದುದು ಜಾರುವಿಕೆಯೊಂದೇ. ಒಟ್ಟು ಐದು ಹೋಗಿ ಒಂದು ಉಳಿಯಿತು. ರಾಟೆಗೆ ಬೇಕಾದುದೂ ಆ ಒಂದೇ ಅಲ್ಲವೆ?

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ನಿರ್ಬಂಧಗಳು ಭಾಗದ ಸ್ಥಾನವನ್ನು ಗೊತ್ತುಮಾಡುತ್ತವೆಯೇ ಹೊರತು ಆಕಾರವನ್ನು ಗೊತ್ತುಮಾಡುವುದಿಲ್ಲ. ಅಚ್ಚನ್ನು ೨೫ ಮಿ.ಮೀ.ಗೆ ಬೆಳೆಸಿದರೂ ಅಕ್ಷಗಳು ಕೂಡಿಯೇ ಇರುವುವು. ಕಂಪ್ಯೂಟರು ಯಾವ ತಕರಾರನ್ನೂ ಮಾಡದು. ತೆರೆಯ ಮೇಲೆ ಅಚ್ಚು ಗಾಲಿಯ ಲೋಹದೊಳಕ್ಕೆ ಸುತ್ತಲೂ ೨.೨೫ ಮಿ.ಮೀ.ನಷ್ಟು ಹೊಕ್ಕು ಕುಳಿತಿರುವುದು. ಲೋಹದೊಳಗೆ ಲೋಹ ಹೊಗದೆಂಬ ಲೋಕಜ್ಞಾನ ಅದಕ್ಕೆ ತಾನಾಗಿ ಇಲ್ಲ. ಎಲ್ಲಿ ಯಾವುದು ಯಾವುದರೊಳಗೆ ಹೊಕ್ಕಿದೆಯೆಂದು ಕೇಳಿದರೆ ಮಾತ್ರ ಲೆಕ್ಕಹಾಕಿ ತೋರಿಸುತ್ತದೆ.

ಕುಳಿತಲ್ಲಿಯೇ ತಿದ್ದುವ ಬಗೆ

ಹಾಗಾದರೆ ಆಕಾರವನ್ನೂ ನೆರೆಯಿಂದಲೇ ಪಡೆಯುವುದು ಹೇಗೆ? ಜೋಡಣೆಯೊಳಗಿನ ಗಾಲಿಯನ್ನು ಆರಿಸಿ, ಇದನ್ನು ಇಲ್ಲಿಯೇ ತಿದ್ದಬೇಕೆಂದು ಆಜ್ಞೆ ಕೊಡುತ್ತೇವೆ. ಅನೇಕ ತಂತ್ರಾಂಶಗಳಲ್ಲಿ ಆಗ ಉಳಿದ ಭಾಗಗಳೆಲ್ಲ ಗಾಜಿನಂತೆ ಮಸುಕಾಗಿ ನಿಲ್ಲುತ್ತವೆ. ಗಾಲಿಯೊಂದೇ ಸ್ಪಷ್ಟವಾಗಿ ಕಾಣುತ್ತದೆ. ಗಾಲಿಯ ಮುಖದ ಮೇಲೆ ರಂಧ್ರದ ವೃತ್ತವನ್ನು ಎಳೆಯಬೇಕಾದಾಗ ನಾವು ೨೦.೫ ಎಂಬ ಸಂಖ್ಯೆಯನ್ನು ಬರೆಯುವುದಿಲ್ಲ. ಅಚ್ಚಿನ ಅಂಚಿನ ವೃತ್ತವನ್ನು ತೋರಿಸಿ, ಇದಕ್ಕಿಂತ ಸುತ್ತಲೂ ೦.೨೫ ಮಿ.ಮೀ. ದೊಡ್ಡದಾದ ವೃತ್ತವಿರಲಿ ಎನ್ನುತ್ತೇವೆ.

ಅಚ್ಚಿನ ಅಂಚು ಅಚ್ಚಿನ ಅಕ್ಷಗಳಲ್ಲಿ ಅಳೆದುದು. ಬೇಕಾದುದು ಗಾಲಿಯ ಅಕ್ಷಗಳಲ್ಲಿ. ಚಲಿಸುವ ರೈಲಿನಲ್ಲಿ ಕುಳಿತವನ ಅಳತೆಯನ್ನು ನಿಲ್ದಾಣದಲ್ಲಿ ನಿಂತವನ ಅಳತೆಗೆ ಪರಿವರ್ತಿಸುವ ಲೆಕ್ಕವನ್ನು ನಾವು ಮಾಡುವೆವಷ್ಟೆ. ಕಂಪ್ಯೂಟರು ಮಾಡುವುದೂ ಅದೇ ಜಾತಿಯ ಲೆಕ್ಕ. ಅಂಚಿನ ಬಿಂದುಗಳನ್ನು ಮೊದಲು ಅಚ್ಚಿನ ಚೌಕಟ್ಟಿನಿಂದ ಜೋಡಣೆಯ ಚೌಕಟ್ಟಿಗೆ ತರುತ್ತದೆ. ಅಲ್ಲಿಂದ ಗಾಲಿಯ ಚೌಕಟ್ಟಿಗೆ ಇಳಿಸುತ್ತದೆ. ಎರಡು ಹೆಜ್ಜೆಗಳ ಈ ಪಯಣದ ದಾರಿ ಜೋಡಣೆಯ ಮೂಲಕವೇ ಹೋಗುತ್ತದೆಂಬುದನ್ನು ನೆನಪಿನಲ್ಲಿಡಬೇಕು. ಆದುದರಿಂದ ಗಾಲಿಯು ಇನ್ನು ಮುಂದೆ ಎರಡರ ಅಧೀನ: ಅಚ್ಚು ಒಂದು, ಇವೆರಡನ್ನೂ ಕೂಡಿಸಿರುವ ಜೋಡಣೆ ಮತ್ತೊಂದು.

ಸಜೀವವಾದ ಗೆರೆ

ಈಗ ನಾವು ಮೊದಲು ಹೇಳಿದ ವ್ಯತ್ಯಾಸಕ್ಕೆ ಬರೋಣ. ಬಡಗಿಯ ಗೆರೆಯು ಒಂದೇ ಸಲದ ಮಾತು. ಕದವನ್ನು ಕೀಸಿದೊಡನೆ ಅದರ ಕೆಲಸ ಮುಗಿಯಿತು. ಮಳೆಗಾಲದಲ್ಲಿ ಬಾಗಿಲುವಾಡ ಉಬ್ಬಿದರೆ ಕದ ತಾನಾಗಿ ಕಿರಿದಾಗುವುದಿಲ್ಲ. ಕಂಪ್ಯೂಟರಿನ ಗೆರೆಯಾದರೋ ಎಳೆದ ಮೇಲೂ ಬದುಕಿರುತ್ತದೆ. ಅಲ್ಲಿ ಉಳಿಯುವುದು ೨೦.೫ ಎಂಬ ಅಳತೆಗಿಂತ ಹೆಚ್ಚಾಗಿ, ಅಚ್ಚಿಗಿಂತ ಇಷ್ಟು ದೊಡ್ಡದು ಎಂಬ ಸಂಬಂಧ. ಅಚ್ಚನ್ನು ೨೫ಕ್ಕೆ ಏರಿಸಿದೊಡನೆ ಗಾಲಿಯ ರಂಧ್ರ ೨೫.೫ ಆಗುವುದು. ಕವೆಯ ರಂಧ್ರಗಳಿಗೂ ವಾಷರುಗಳಿಗೂ ಇಂತಹ ಸಂಬಂಧವನ್ನೇ ಕಲ್ಪಿಸಿದ್ದರೆ ಐದು ರಂಧ್ರಗಳೂ ಒಟ್ಟಿಗೆ ಬೆಳೆಯುವುವು.

ಈ ಕಲ್ಪನೆಗೆ ಅರುವತ್ತು ವರ್ಷಗಳಿಗೂ ಮೀರಿದ ವಯಸ್ಸಾಗಿದೆ. ೧೯೬೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಐವಾನ್ ಸದರ್‌ಲೆಂಡ್ ಎಂಬ ತರುಣರು ತಮ್ಮ ಡಾಕ್ಟರೇಟ್ ಪ್ರಬಂಧವಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಲಿಂಕನ್ ಪ್ರಯೋಗಾಲಯದ ಟಿ.ಎಕ್ಸ್.-೨ ಕಂಪ್ಯೂಟರಿನ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು, ಈ ಎರಡು ಗೆರೆಗಳು ಸಮಾಂತರವಾಗಿರಲಿ, ಇವು ಸಮನಾಗಿರಲಿ ಎಂದು ನಿರ್ಬಂಧ ವಿಧಿಸಲು ಅದರಲ್ಲಿ ಸಾಧ್ಯವಿತ್ತು. ಅಷ್ಟೇ ಅಲ್ಲದೆ ಒಂದು ಮೂಲಚಿತ್ರವನ್ನು ಬರೆದು ಅದರ ಪ್ರತಿರೂಪಗಳನ್ನು ಬೇಕಾದೆಡೆಯಲ್ಲೆಲ್ಲ ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿರೂಪಗಳೆಲ್ಲವೂ ತಿದ್ದಿಹೋಗುತ್ತಿದ್ದುವು. ಅನಂತರ ೧೯೮೦ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಪಿ.ಟಿ.ಸಿ. ಸಂಸ್ಥೆಯು ಹೊರತಂದ ಪ್ರೊ-ಎಂಜಿನಿಯರ್ ಎಂಬ ತಂತ್ರಾಂಶವು, ಆಕೃತಿಯನ್ನು ರಚಿಸಿದ ಹೆಜ್ಜೆಗಳನ್ನು ಅಡಿಗೆಯ ವಿಧಾನದಂತೆ ಕ್ರಮವಾಗಿ ಬರೆದಿಡುವ ಪದ್ಧತಿಯನ್ನು ಬಳಕೆಗೆ ತಂದಿತು. ಯಾವುದಾದರೊಂದು ಹೆಜ್ಜೆಯ ಸಂಖ್ಯೆಯನ್ನು ಬದಲಿಸಿದರೆ ಕಂಪ್ಯೂಟರು ಮುಂದಿನ ಹೆಜ್ಜೆಗಳನ್ನೆಲ್ಲ ಮತ್ತೊಮ್ಮೆ ನಡೆದು ಹೊಸ ಆಕೃತಿಯನ್ನು ಕಟ್ಟುತ್ತದೆ. ಜೋಡಣೆಯೊಳಗೆ ತಿದ್ದಿದ ಭಾಗದ ಹೆಜ್ಜೆಗಳಲ್ಲಿ ಒಂದು ಹೆಜ್ಜೆಯು ಪಕ್ಕದ ಭಾಗವನ್ನು ನೋಡು ಎಂದಿರುತ್ತದೆ. ಸೊಗಸೂ ಅಪಾಯವೂ ಅಡಗಿರುವುದು ಈ ಹೆಜ್ಜೆಯಲ್ಲಿಯೇ.

ನಾಲ್ಕು ಅಪಾಯಗಳು

ಮೊದಲನೆಯದು ಸುತ್ತುವ ಅವಲಂಬನೆ. ಗಾಲಿಯ ದಪ್ಪ ೫೦ ಮಿ.ಮೀ., ಎರಡು ವಾಷರುಗಳಿಗೆ ೬, ಸಡಿಲಿಗೆ ೧; ಆದುದರಿಂದ ಕವೆಯ ಒಳಗಿನ ಅಂತರ ೫೭. ಕವೆಯ ಎರಡು ಪಕ್ಕಗಳ ದಪ್ಪ ಸೇರಿ ೧೨, ಅಚ್ಚು ಹೊರಗೆ ಚಾಚಲು ಎರಡು ಕಡೆಯೂ ಸೇರಿ ೨೦. ಆದುದರಿಂದ ಅಚ್ಚಿನ ಉದ್ದ ೮೯. ಇಷ್ಟರವರೆಗೆ ಸರಿ: ಅಂತರವು ಗಾಲಿಯನ್ನು ನೋಡಿತು, ಅಚ್ಚು ಕವೆಯನ್ನು ನೋಡಿತು. ಈಗ ಅವಸರದಲ್ಲಿ ಒಬ್ಬರು ಗಾಲಿಯ ದಪ್ಪವನ್ನು ಅಚ್ಚಿನಿಂದ ಪಡೆದರೆನ್ನೋಣ: ಅಚ್ಚಿನ ಉದ್ದದಲ್ಲಿ ೩೯ ಕಳೆದರೆ ಗಾಲಿ. ಲೆಕ್ಕವೇನೋ ೫೦ಕ್ಕೆ ಸರಿಯಾಗಿಯೇ ಕೂಡುತ್ತದೆ. ಆದರೆ ಮರುದಿನ ಮತ್ತೊಬ್ಬರು ಸಡಿಲನ್ನು ೧ರಿಂದ ೨ಕ್ಕೆ ಏರಿಸುತ್ತಾರೆ. ಅಚ್ಚು ೯೦ ಆಗುವುದು, ಗಾಲಿ ೫೧, ಗಾಲಿ ಬೆಳೆದುದರಿಂದ ಅಚ್ಚು ೯೧, ಗಾಲಿ ೫೨. ಒಂದೊಂದು ಸುತ್ತಿಗೂ ರಾಟೆಯು ಒಂದೊಂದು ಮಿ.ಮೀ. ಬೆಳೆಯುತ್ತಲೇ ಹೋಗುವುದು, ಇದಕ್ಕೆ ಕೊನೆಯಿಲ್ಲ. ಎರಡು ಮೂರು ಭಾಗಗಳಿರುವಲ್ಲಿ ಈ ಸುತ್ತನ್ನು ಕಂಡುಹಿಡಿಯುವುದು ಸುಲಭ. ಇನ್ನೂರು ಭಾಗಗಳ ನಡುವೆ ಅದು ಅಡಗಿದ್ದರೆ ಹುಡುಕುವವರ ಪಾಡು ಹೇಳತೀರದು.

ಎರಡನೆಯದು ಎರವಲು ಹೋದ ಭಾಗ. ಅದೇ ಗಾಲಿಯ ಕಡತವನ್ನು ಬೇರೊಂದು ರಾಟೆಯಲ್ಲಿಯೂ ಬಳಸಿರುತ್ತೇವೆ. ಅಲ್ಲಿಯ ಅಚ್ಚು ಇನ್ನೂ ೨೦ ಮಿ.ಮೀ. ಇಲ್ಲಿ ಅಚ್ಚನ್ನು ದಪ್ಪಮಾಡಿದ ಫಲವಾಗಿ ಅಲ್ಲಿಯ ಗಾಲಿಯ ರಂಧ್ರವೂ ೨೫.೫ ಆಗಿ ಗಾಲಿಯು ಲೊಡಲೊಡನೆ ಆಡುವುದು. ಇದಕ್ಕೆ ವಿರುದ್ಧವಾದುದೂ ಉಂಟು. ಸಂಬಂಧದ ದಾರಿಯು ಜೋಡಣೆಯ ಮೂಲಕ ಹೋಗುವುದರಿಂದ, ಜೋಡಣೆಯನ್ನು ತೆರೆಯದೆ ಅಚ್ಚನ್ನು ಮಾತ್ರ ತೆರೆದು ತಿದ್ದಿ ಮುಚ್ಚಿದರೆ ಸುದ್ದಿಯು ಗಾಲಿಗೆ ತಲಪದೆ ಹಳೆಯ ರಂಧ್ರವೇ ಉಳಿಯಬಹುದು. ಆ ಸ್ಥಿತಿಯಲ್ಲಿ ಗಾಲಿಯ ನಕ್ಷೆಯನ್ನು ಕಾರ್ಖಾನೆಗೆ ಕಳುಹಿಸಿದವರು ಹಳೆಯ ಅಳತೆಯನ್ನೇ ಕಳುಹಿಸಿದಂತಾಯಿತು.

ಮೂರನೆಯದು ಕಾಣೆಯಾದ ಅಂಚು. ಗಾಲಿಯು ಅಚ್ಚಿನ ಒಂದು ಅಂಚನ್ನು ನೋಡುತ್ತಿದೆಯಷ್ಟೆ. ಅಚ್ಚಿನ ತುದಿಯ ಚೂಪನ್ನು ಕೆತ್ತಿ ಓರೆಮಾಡಿದರೆ ಆ ಅಂಚೇ ಇಲ್ಲವಾಗುತ್ತದೆ; ಅಥವಾ ಅಂಚುಗಳ ಎಣಿಕೆ ಬದಲಾಗಿ ಆರನೆಯ ಅಂಚು ಏಳನೆಯದಾಗುತ್ತದೆ. ಬೀದಿಯಲ್ಲಿ ಹೊಸ ಮನೆಯೊಂದು ಎದ್ದು ಮನೆಗಳ ಸಂಖ್ಯೆಯೆಲ್ಲ ಬದಲಾದಾಗ ಅಂಚೆಯವನಿಗೆ ಒದಗುವ ಕಷ್ಟವೇ ಇಲ್ಲಿ ಕಂಪ್ಯೂಟರಿಗೆ ಒದಗುತ್ತದೆ. ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದ ಫ್ರೀಕ್ಯಾಡ್ ಎಂಬ ತಂತ್ರಾಂಶವನ್ನು ಈ ತೊಡಕು ಬಹುಕಾಲ ಕಾಡಿತು. ೨೦೨೪ರ ನವೆಂಬರಿನಲ್ಲಿ ಹೊರಬಂದ ಅದರ ೧.೦ ಆವೃತ್ತಿಯಲ್ಲಿ ಇದನ್ನು ಬಹಳಮಟ್ಟಿಗೆ ಹತೋಟಿಗೆ ತಂದಿದ್ದಾರೆ.

ನಾಲ್ಕನೆಯದು ಎಲ್ಲಕ್ಕಿಂತ ಮೆಲ್ಲಗೆ ಬರುವಂಥದು. ಎಲ್ಲ ಸಂಬಂಧಗಳೂ ಸರಿಯಾಗಿವೆಯೆನ್ನೋಣ. ಅಚ್ಚು ೨೫ ಆಯಿತು. ಕವೆಯ ರಂಧ್ರವು ವಿಧೇಯವಾಗಿ ೨೫.೫ ಆಯಿತು. ತೆರೆಯ ಮೇಲೆ ಯಾವ ಕೆಂಪು ಗುರುತೂ ಇಲ್ಲ. ಆದರೆ ಕವೆಯ ಪಟ್ಟಿಯ ಅಗಲ ೪೦ ಮಿ.ಮೀ. ಆಗಿಯೇ ಉಳಿದಿದೆ. ಮೊದಲು ರಂಧ್ರದ ಎರಡು ಪಕ್ಕಗಳಲ್ಲಿಯೂ ಸೇರಿ ೧೯.೫ ಮಿ.ಮೀ. ಲೋಹವಿತ್ತು, ಈಗ ೧೪.೫ ಮಾತ್ರ. ಭಾರವನ್ನು ಹೊರುವುದು ಆ ಲೋಹವೇ ಆದುದರಿಂದ ಕವೆಯ ಬಲವು ಕಾಲುಭಾಗದಷ್ಟು ಕುಗ್ಗಿತು. ಹೆಚ್ಚು ಭಾರ ಎತ್ತಲೆಂದು ಅಚ್ಚನ್ನು ಬಲಪಡಿಸಿದ ನಾವೇ ಕವೆಯನ್ನು ಬಲಗುಂದಿಸಿದೆವು! ಜ್ಯಾಮಿತಿಯ ಹೊಂದಾಣಿಕೆಯನ್ನು ಕಂಪ್ಯೂಟರು ಕಾಯುತ್ತದೆ. ಬಾವಿಯ ಮೇಲೆ ನಿಂತು ಹಗ್ಗ ಎಳೆಯುವವರ ತಲೆಯನ್ನು ಕಾಯುವ ಹೊಣೆ ವಿನ್ಯಾಸಕಾರನದೇ.

ಎರಡು ವಿಮಾನಗಳ ಕಥೆ

ರಾಟೆಯಿಂದ ವಿಮಾನಕ್ಕೆ ಹೋದಾಗ ಈ ಮಾತುಗಳ ತೂಕವು ತಿಳಿಯುತ್ತದೆ. ಅಮೆರಿಕದ ಬೋಯಿಂಗ್ ಸಂಸ್ಥೆಯು ತನ್ನ ೭೭೭ ವಿಮಾನವನ್ನು ಫ್ರಾನ್ಸಿನ ದಸೋ ಸಂಸ್ಥೆಯ ಕ್ಯಾಟಿಯಾ ಎಂಬ ತಂತ್ರಾಂಶದಿಂದ ಪೂರ್ತಿಯಾಗಿ ಕಂಪ್ಯೂಟರಿನಲ್ಲಿಯೇ ರೂಪಿಸಿತು. ಇಂತಹ ವಿಮಾನದಲ್ಲಿ ಮೊಳೆ ತಿರುಪುಗಳೂ ಸೇರಿ ಸುಮಾರು ೩೦ ಲಕ್ಷ ಬಿಡಿಭಾಗಗಳಿವೆ. ಹಿಂದಿನ ವಿಮಾನಗಳಿಗೆ ಭಾಗಗಳು ಒಂದಕ್ಕೊಂದು ಹೊಂದುವುವೆ ಎಂದು ಪರೀಕ್ಷಿಸಲು ಪೂರ್ಣ ಗಾತ್ರದ ಮಾದರಿಯನ್ನು ಕಟ್ಟುತ್ತಿದ್ದರು. ೭೭೭ಕ್ಕೆ ಆ ಜೋಡಣೆಯನ್ನು ಕಂಪ್ಯೂಟರಿನೊಳಗೇ ಮಾಡಿದರು. ಒಂದು ತಂಡದ ಕೊಳವೆಯು ಮತ್ತೊಂದು ತಂಡದ ತೊಲೆಯೊಳಗೆ ಹೊಕ್ಕಿದ್ದರೆ ಅದು ತೆರೆಯ ಮೇಲೆಯೇ ಸಿಕ್ಕಿಬೀಳುತ್ತಿತ್ತು. ತಿದ್ದುಪಡಿಯೂ ಅಲ್ಲಿಯೇ ಆಗುತ್ತಿತ್ತು. ೧೯೯೪ರ ಜೂನ್ ೧೨ರಂದು ಆ ವಿಮಾನವು ಮೊದಲ ಬಾರಿಗೆ ಹಾರಿತು.

ಎರಡನೆಯ ಕಥೆ ಯೂರೋಪಿನ ಏರ್‌ಬಸ್ ಸಂಸ್ಥೆಯ ಎ-೩೮೦ ವಿಮಾನದ್ದು. ಎರಡು ಅಂತಸ್ತಿನ ಈ ಭಾರಿ ವಿಮಾನದೊಳಗೆ ಹಾಯುವ ವಿದ್ಯುತ್ ತಂತಿಗಳ ಉದ್ದ ಸುಮಾರು ೫೩೦ ಕಿಲೋಮೀಟರು. ಜರ್ಮನಿಯ ಹ್ಯಾಂಬುರ್ಗಿನಲ್ಲಿ ಒಂದು ಗುಂಪು, ಫ್ರಾನ್ಸಿನ ಟುಲೂಸಿನಲ್ಲಿ ಮತ್ತೊಂದು ಗುಂಪು ವಿನ್ಯಾಸ ನಡೆಸುತ್ತಿದ್ದುವು. ಎರಡೂ ಕಡೆ ಕ್ಯಾಟಿಯಾವೇ. ಆದರೆ ಜರ್ಮನಿಯಲ್ಲಿ ಅದರ ನಾಲ್ಕನೆಯ ಆವೃತ್ತಿ, ಫ್ರಾನ್ಸಿನಲ್ಲಿ ಐದನೆಯದು. ಒಂದರಲ್ಲಿ ಆದ ತಿದ್ದುಪಡಿಯು ಮತ್ತೊಂದಕ್ಕೆ ಸರಾಗವಾಗಿ ಹರಿದುಬರಲಿಲ್ಲ. ತೂಕವನ್ನು ಉಳಿಸಲು ಅಲ್ಯುಮಿನಿಯಂ ತಂತಿಗಳನ್ನು ಬಳಸಿದುದರಿಂದ ಅವುಗಳನ್ನು ಬಾಗಿಸುವ ನಿಯಮಗಳೂ ಬೇರೆಯಾಗಿದ್ದುವು. ಹ್ಯಾಂಬುರ್ಗಿನಿಂದ ಬಂದ ತಂತಿಯ ಕಟ್ಟುಗಳನ್ನು ಟುಲೂಸಿನಲ್ಲಿ ವಿಮಾನದೊಳಗೆ ಎಳೆದಾಗ ಅನೇಕ ಕಡೆ ಅವು ತಲಪಬೇಕಾದ ಸ್ಥಳವನ್ನು ತಲಪಲೇ ಇಲ್ಲ. ೨೦೦೫ರ ಏಪ್ರಿಲಿನಲ್ಲಿಯೇ ಹಾರಿದ್ದ ವಿಮಾನದ ಮೊದಲ ಗಿರಾಕಿಗೆ ವಿಮಾನ ದೊರೆತುದು ೨೦೦೭ರ ಅಕ್ಟೋಬರಿನಲ್ಲಿ. ಈ ನಡುವೆ ೨೦೦೬ರ ಜುಲೈ ತಿಂಗಳಿನಲ್ಲಿ ಏರ್‌ಬಸ್ಸಿನ ಮುಖ್ಯಾಧಿಕಾರಿಯು ತಮ್ಮ ಪದವಿಯನ್ನು ಬಿಡಬೇಕಾಯಿತು. ತಂತಿಗಳನ್ನು ರೂಪಿಸಿದವರು ಅಜ್ಞಾನಿಗಳೇನೂ ಆಗಿರಲಿಲ್ಲ. ಅಚ್ಚು ದಪ್ಪವಾದುದು ಗಾಲಿಗೆ ತಿಳಿಯುವ ದಾರಿ ಕಡಿದಿತ್ತು, ಅಷ್ಟೆ.

ಎಲ್ಲರೂ ನೋಡುವ ಒಂದು ಮೂಲ

ಹೀಗೆ ಸಂಬಂಧಗಳಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟವೆಂದಾದರೆ ಮಾಡುವುದೇನು? ಅನುಭವಿಗಳಾದ ವಿನ್ಯಾಸಕಾರರು ಅನುಸರಿಸುವ ಮೂರು ನಿಯಮಗಳುಂಟು.

ಮೊದಲನೆಯ ನಿಯಮ: ಭಾಗಗಳು ಒಂದನ್ನೊಂದು ನೋಡುವುದರ ಬದಲು ಎಲ್ಲವೂ ಒಂದೇ ಮೂಲವನ್ನು ನೋಡಲಿ. ರಾಟೆಯ ಅಚ್ಚಿನ ವ್ಯಾಸ, ಗಾಲಿಯ ದಪ್ಪ, ಸಡಿಲು, ಇಂತಹ ಮುಖ್ಯವಾದ ಮಾನಗಳನ್ನೂ ನಡುವಿನ ಅಕ್ಷರೇಖೆಯನ್ನೂ ಒಂದು ಪ್ರತ್ಯೇಕ ಕಡತದಲ್ಲಿಡುತ್ತಾರೆ. ಇದಕ್ಕೆ ಲೋಹದ ಮೈಯಿಲ್ಲ. ಇದು ಯಂತ್ರದ ಅಸ್ಥಿಪಂಜರವಿದ್ದಂತೆ. ಗಾಲಿ, ಅಚ್ಚು, ಕವೆ ಮೂರೂ ತಮ್ಮ ಅಳತೆಯನ್ನು ಇದರಿಂದ ಪಡೆಯುವುವು. ಸುದ್ದಿಯು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವುದರಿಂದ ಸುತ್ತು ಬೀಳುವ ಸಂಭವವೇ ಇಲ್ಲ. ಕವೆಯ ಪಟ್ಟಿಯ ಅಗಲವನ್ನೂ ಇಲ್ಲಿಯೇ ರಂಧ್ರದ ಎರಡರಷ್ಟಿರಲಿ ಎಂದು ಬರೆದಿಟ್ಟಿದ್ದರೆ, ರಂಧ್ರ ೨೫.೫ ಆದಾಗ ಪಟ್ಟಿಯು ೫೧ ಮಿ.ಮೀ. ಆಗಿ, ನಾವು ಕಂಡ ನಾಲ್ಕನೆಯ ಅಪಾಯವೂ ತಪ್ಪುತ್ತಿತ್ತು. ಆದರೆ ಹಾಗೆ ಬರೆದಿಡಬೇಕೆಂಬ ವಿವೇಕವು ಬರೆಯುವವರಲ್ಲಿರಬೇಕು.

ಎರಡನೆಯ ನಿಯಮ: ಹಲವು ಯಂತ್ರಗಳಿಗೆ ಹೋಗುವ ಭಾಗವು ಯಾವ ನೆರೆಯನ್ನೂ ನೋಡಬಾರದು. ಬೋಲ್ಟು, ಬೇರಿಂಗು ಮೊದಲಾದುವು ಹೀಗೆ ಸ್ವತಂತ್ರವಾಗಿರತಕ್ಕವು. ಬೇರಿಂಗಿಗೆ ತಕ್ಕಂತೆ ಅಚ್ಚು ಬದಲಾಗಬೇಕೇ ಹೊರತು ಅಚ್ಚಿಗೆ ತಕ್ಕಂತೆ ಬೇರಿಂಗು ಬದಲಾಗಕೂಡದು. ಏಕೆಂದರೆ ಅಂಗಡಿಯಲ್ಲಿ ಸಿಕ್ಕುವ ಬೇರಿಂಗು ನಮ್ಮ ಕಂಪ್ಯೂಟರಿನ ಮಾತನ್ನು ಕೇಳುವುದಿಲ್ಲ.

ಮೂರನೆಯ ನಿಯಮ: ವಿನ್ಯಾಸವು ನಿಶ್ಚಯವಾದ ಮೇಲೆ ಸಜೀವವಾದ ಗೆರೆಯನ್ನು ಬಡಗಿಯ ಗೆರೆಯನ್ನಾಗಿ ಮಾಡಬೇಕು. ಸಂಬಂಧವನ್ನು ಬೀಗಹಾಕಿ ನಿಲ್ಲಿಸಲೂ ಪೂರ್ತಿಯಾಗಿ ಕಡಿದು ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳಲೂ ತಂತ್ರಾಂಶಗಳಲ್ಲಿ ಅನುಕೂಲವಿದೆ. ನಕ್ಷೆಯು ಕಾರ್ಖಾನೆಗೆ ಹೋದ ಮೇಲೆ ಅಚ್ಚು ತಾನಾಗಿ ಬೆಳೆಯುವುದು ಯಾರಿಗೂ ಹಿತವಲ್ಲ.

ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಲೇಸು. ಕಾಲೇಜಿನಲ್ಲಾಗಲಿ ಮನೆಯಲ್ಲಾಗಲಿ ಕಂಪ್ಯೂಟರುಳ್ಳ ವಿದ್ಯಾರ್ಥಿಗಳು ಮೇಲೆ ಹೇಳಿದ ಫ್ರೀಕ್ಯಾಡನ್ನು ಪಡೆದು, ಇಲ್ಲಿ ಕೊಟ್ಟಿರುವ ಅಳತೆಗಳಿಂದಲೇ ಒಂದು ರಾಟೆಯನ್ನು ರಚಿಸಿ ನೋಡಬಹುದು. ಮೊದಲು ಪ್ರತಿಯೊಂದು ಭಾಗಕ್ಕೂ ಬೇರೆಬೇರೆ ಸಂಖ್ಯೆಗಳನ್ನು ಕೊಟ್ಟು ಅಚ್ಚನ್ನು ದಪ್ಪಮಾಡಿರಿ. ಎಷ್ಟು ಕಡೆ ತಿದ್ದಬೇಕಾಯಿತೆಂದು ಎಣಿಸಿರಿ. ಅನಂತರ ಅಳತೆಗಳನ್ನೆಲ್ಲ ಒಂದು ಪಟ್ಟಿಯಲ್ಲಿಟ್ಟು, ಭಾಗಗಳೆಲ್ಲ ಆ ಪಟ್ಟಿಯನ್ನು ನೋಡುವಂತೆ ಮಾಡಿ, ಅದೇ ತಿದ್ದುಪಡಿಯನ್ನು ಮತ್ತೊಮ್ಮೆ ಮಾಡಿರಿ. ಎರಡಕ್ಕೂ ಇರುವ ಅಂತರವು ಅರ್ಧ ಗಂಟೆಯಲ್ಲಿ ಮನಸ್ಸಿಗೆ ಬರುವುದು. ಆದರೆ ಎರಡನೆಯ ಸಲ ಎಲ್ಲವೂ ತಾನಾಗಿ ಹೊಂದಿಕೊಂಡಾಗ ಸಂತೋಷದಿಂದ ಕಂಪ್ಯೂಟರನ್ನು ಮುಚ್ಚಿಬಿಡಬೇಡಿರಿ. ಕವೆಯಲ್ಲಿ ರಂಧ್ರದ ಪಕ್ಕಕ್ಕೆ ಎಷ್ಟು ಲೋಹ ಉಳಿದಿದೆಯೆಂದು ಒಮ್ಮೆ ಅಳೆದು ನೋಡಿರಿ. ಬಡಗಿಯು ಕದವನ್ನು ಕೂಡಿಸಿದ ಮೇಲೆ ಅದನ್ನು ಎರಡು ಸಲ ತೆರೆದು ಮುಚ್ಚಿ ನೋಡದೆ ಮನೆಗೆ ಹೋಗುವುದಿಲ್ಲ.